ಗೋಡೆಯ ಬಿರುಕಿನಲ್ಲಿ ಅಡಗಿದ ಹಗೆ

ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಬೆಟ್ಟಗಳಲ್ಲಿ ಕರಿಯ ಬಂಡೆಗಳ ಮೇಲೆ ನವಶಿಲಾಯುಗದ ಮಾನವನು ಕಲ್ಲಿನಿಂದ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಅವುಗಳಲ್ಲಿ ನೀಳವಾದ ಕೊಂಬು, ಎತ್ತರವಾದ ಹಿಣಿಲುಳ್ಳ ದನಗಳೇ ಹೆಚ್ಚು. ಕುಡತಿನಿಯ ಬೂದಿದಿಬ್ಬವಾದರೋ ರಾಶಿ ರಾಶಿ ಸಗಣಿಯನ್ನು ಸುಟ್ಟುದರ ಕುರುಹು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಈ ಸೀಮೆಯ ಬಾಳು ದನವನ್ನು ನೆಚ್ಚಿಕೊಂಡಿತ್ತು.

ದನವಿದ್ದೆಡೆ ಉಣುಗೂ ಉಂಟು. ರೋಗಿ ಹಸುವಿನ ರಕ್ತವನ್ನು ಹೀರಿದ ಮರಿ ಉಣುಗು ಪೊರೆ ಕಳಚಿ ಬೆಳೆದು ಇನ್ನೊಂದು ಹಸುವನ್ನು ಕಚ್ಚಿದಾಗ, ಜೊಲ್ಲಿನೊಡನೆ ಥೈಲೇರಿಯಾ ಎಂಬ ಪರಾವಲಂಬಿ ಜೀವಿ ಒಳಹೊಗುತ್ತದೆ. ಮೊದಲು ಬಿಳಿಯ ರಕ್ತಕಣಗಳಲ್ಲಿ ವೃದ್ಧಿಯಾಗಿ, ಬಳಿಕ ಕೆಂಪು ಕಣಗಳನ್ನು ಸೇರುತ್ತದೆ. ತೀವ್ರ ಜ್ವರ, ಭುಜದ ಮುಂದಿನ ಗ್ರಂಥಿಯ ಬಾವು, ಕಣ್ಣಿನ ಒಳರೆಪ್ಪೆ ಬಿಳಿಚುವುದು, ಮೇವು ಬಿಡುವುದು, ಏದುಸಿರು ಇದರ ಲಕ್ಷಣಗಳು. ಉಣುಗಿನಿಂದಲೇ ಬರುವ ಬಬೇಸಿಯಾ ಕೆಂಪು ಕಣಗಳನ್ನು ಒಡೆಯುವುದರಿಂದ ಮೂತ್ರವೇ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಮೆರಿಕದಲ್ಲಿ ಈ ಜ್ವರವನ್ನು ಹರಡುವುದು ಉಣುಗೇ ಎಂಬುದನ್ನು ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಪ್ರಕಟಿಸಿದರು.

ನಾಡ ಹಸುಗಳಿಗೂ ಈ ಸೋಂಕು ತಗಲುತ್ತದೆ. ಆದರೆ ಅವು ಬಹುಮಟ್ಟಿಗೆ ಅದನ್ನು ತಾಳಿಕೊಳ್ಳಬಲ್ಲವು. ಹೆಚ್ಚು ಹಾಲಿನ ಆಸೆಯಿಂದ ಸಾಕುವ ಜರ್ಸಿ, ಹಾಲ್‌ಸ್ಟೈನ್ ಮಿಶ್ರತಳಿಗಳಿಗೆ ಆ ತಾಳಿಕೆ ಕಡಿಮೆ. ಪಶ್ಚಿಮ ಆಫ್ರಿಕದ ಫುಲಾನಿ ಗೋಪಾಲಕರ ಕಥೆಯೂ ಇಂಥದೇ. ಅಲ್ಲಿ ತ್ಸೆತ್ಸೆ ನೊಣವು ಟ್ರಿಪನೊಸೋಮಾ ಎಂಬ ಬೇರೊಂದು ರಕ್ತಜೀವಿಯನ್ನು ಹರಡುತ್ತದೆ. ಹಿಣಿಲಿಲ್ಲದ ಗಿಡ್ಡ ಎನ್‌ದಾಮಾ ತಳಿ ಅದನ್ನು ಸಹಿಸುತ್ತದೆ. ಹಿಣಿಲುಳ್ಳ ದೊಡ್ಡ ದನಗಳು ಸೊರಗುತ್ತವೆ. ಯಾವ ನೆಲದಲ್ಲಿ ಯಾವ ರೋಗವೋ, ಅದರೊಡನೆ ತಲೆಮಾರುಗಳಿಂದ ಬಾಳಿದ ತಳಿಗೇ ಅಲ್ಲಿ ಬಲ ಹೆಚ್ಚು.

ಹಾಗೆಂದು ಮಿಶ್ರತಳಿಯ ಹಸು ಸಾಕುವವರು ಕೈಚೆಲ್ಲಿ ಕುಳಿತಿರಬೇಕಾಗಿಲ್ಲ. ಥೈಲೇರಿಯಾವನ್ನು ತರುವ ಉಣುಗು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲೂ ಕಲ್ಲಿನ ಸಂದುಗಳಲ್ಲೂ ಅಡಗಿ ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ. ಆದುದರಿಂದ ಹಸುವಿನ ಮೈಗೆ ಮಾತ್ರ ಔಷಧ ಹಚ್ಚಿದರೆ ಸಾಲದು. ಬಿರುಕುಗಳನ್ನು ಮೆತ್ತಿ ಮುಚ್ಚಬೇಕು. ಮಿಶ್ರತಳಿಯ ಕರುಗಳಿಗೆ ಥೈಲೇರಿಯಾ ಲಸಿಕೆ ಲಭ್ಯವಿದೆ. ರೋಗ ತಗಲಿದರೂ, ಮೊದಲ ದಿನಗಳಲ್ಲೇ ಪಶುವೈದ್ಯರು ರಕ್ತವನ್ನು ಪರೀಕ್ಷಿಸಿ ಬುಪಾರ್ವಕ್ವೋನ್ ಚುಚ್ಚುಮದ್ದು ಕೊಟ್ಟರೆ ಹಸು ಉಳಿಯುವ ಸಂಭವ ಹೆಚ್ಚು. ತಡವಾದಷ್ಟೂ ಆಸೆ ಕ್ಷೀಣ.

ಹಾಲು ಮಾರಿ ಸಂಸಾರ ತೂಗಿಸುವ ಮನೆಯಲ್ಲಿ ಒಂದು ಹಸು ಸತ್ತರೆ ಮಕ್ಕಳ ಶಾಲೆಯ ಶುಲ್ಕಕ್ಕೂ ಸಂಚಕಾರ. ಬೆಳಗ್ಗೆ ಹಾಲು ಕರೆಯುವ ಮುನ್ನ ಹಸುವಿನ ಕಿವಿಯ ಬುಡವನ್ನೂ ಕೆಚ್ಚಲಿನ ಸಂದನ್ನೂ ಒಮ್ಮೆ ತಡವಿ ನೋಡುವುದು ಅಂಥ ಮನೆಯನ್ನು ಕಾಯುವ ಕೆಲಸ.