ವಾಡಿಗಿಲ್ಲದ ಸಿಳ್ಳು

ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ. ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಈ ನಾಲ್ಕು ಹೆಸರು ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಮೊದಲ ಅಕ್ಷರಗಳೇ ಕಿವಿಗೆ ಚುಚ್ಚುತ್ತವೆ. ಇದೇ ಕಲಬುರಗಿ ಸೀಮೆಯ ವಾಡಿ ಮಾತ್ರ ನಿರಪರಾಧಿ. ಜಂಕ್ಷನ್ನಿನಲ್ಲಿ ರೈಲು ಹೊಡೆಯುವ ಸಿಳ್ಳಿನ ಮಾತು ಬೇರೆ.

ಸಕಾರ ಹುಟ್ಟುವಾಗ ಧ್ವನಿತಂತುಗಳು ಕಂಪಿಸುವುದಿಲ್ಲ. ನಾಲಗೆಯ ನಡುವೆ ಸಣ್ಣ ಕಾಲುವೆಯಾಗಿ, ಅಲ್ಲಿಂದ ನುಗ್ಗಿದ ಗಾಳಿ ಹಲ್ಲಿನ ಅಂಚಿಗೆ ಬಡಿದು ಚದುರುತ್ತದೆ. ಆ ಸದ್ದಿನ ಬಲ ಹೆಚ್ಚಾಗಿ 4,000 ಹರ್ಟ್ಸ್‌ಗಿಂತ ಮೇಲೆ, ಕೆಲವರಲ್ಲಿ 8,000ದ ಆಚೆಗೂ. ಶಕಾರಕ್ಕೆ ನಾಲಗೆ ಹಿಂದೆ ಸರಿದು ಮುಂದಿನ ಜಾಗ ಹಿಗ್ಗುವುದರಿಂದ ಸದ್ದು ತುಸು ತಗ್ಗುತ್ತದೆ. ಚಕಾರದ ಬಾಲದಲ್ಲೂ ಇಂಥದೇ ಸೀತ್ಕಾರವಿದೆ. 13ನೆಯ ಶತಮಾನದ ವೈಯಾಕರಣ ಕೇಶಿರಾಜ ಶ, ಷಗಳನ್ನು ಅಚ್ಚಗನ್ನಡದ ವರ್ಣಮಾಲೆಯಿಂದ ಹೊರಗಿಟ್ಟ. ರೆಕಾರ್ಡಿಂಗ್ ಮಾಡುವವರಿಗೆ ಆ ಸ್ವಾತಂತ್ರ್ಯವಿಲ್ಲ.

1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯನ್ನು ಮಧ್ಯಮ ತರಂಗದಲ್ಲಿ ಕೇಳಿದವರಿಗೆ ಈ ಕಾಟ ಅಷ್ಟಾಗಿ ಇರಲಿಲ್ಲ. ಅಲ್ಲಿ ಚಾನೆಲ್‌ಗಳ ನಡುವೆ 9 ಕಿಲೋಹರ್ಟ್ಸ್ ಅಷ್ಟೇ ಅಂತರ. ಹಾಗಾಗಿ ರೇಡಿಯೊ ಸೆಟ್ಟುಗಳು ಎತ್ತರದ ಸದ್ದನ್ನು ಕತ್ತರಿಸಿಬಿಡುತ್ತಿದ್ದವು. ಇಂದಿನ ಫೋನು ಎಲ್ಲವನ್ನೂ ಹಿಡಿಯುತ್ತದೆ.

ಈ ಭಾಗದ ಮನೆಗಳಲ್ಲಿ ಈ ಕಾಟಕ್ಕೆ ಇನ್ನೊಬ್ಬ ಪಾಲುದಾರನಿದ್ದಾನೆ: ನೆಲಕ್ಕೆ ಹಾಸುವ ಶಹಾಬಾದಿ ಪರಸಿ. ನುಣ್ಣನೆಯ ಸುಣ್ಣಕಲ್ಲು ಸದ್ದನ್ನು ಹೀರುವುದು ಅತ್ಯಲ್ಪ, ಬಹುಪಾಲನ್ನು ಹಾಗೆಯೇ ಹಿಂದಿರುಗಿಸುತ್ತದೆ. ಖಾಲಿ ಕೋಣೆಯಲ್ಲಿ ಮಾತಾಡಿದರೆ ಬಾಯಿಂದ ಬಂದ ಸಕಾರದ ಬೆನ್ನಿಗೇ ನೆಲದಿಂದ ಚಿಮ್ಮಿದ್ದೂ ಮೈಕಿಗೆ ಸೇರುತ್ತದೆ. ಪರಿಹಾರ ಕಪಾಟಿನಲ್ಲೇ ಇದೆ. 6,000 ಹರ್ಟ್ಸ್ ಸದ್ದಿನ ಅಲೆಯ ಉದ್ದ 6 ಸೆಂಟಿಮೀಟರಿಗೂ ಕಡಿಮೆ. ಅದನ್ನು ಮಣಿಸಲು ನೆಲಕ್ಕೆ ಹಾಸಿದ, ಗೋಡೆಗೆ ತೂಗುಹಾಕಿದ ದಪ್ಪ ಕೌದಿ ಸಾಕು. 100 ಹರ್ಟ್ಸ್‌ನ ಅಲೆ ಮೂರು ಮೀಟರಿಗೂ ಉದ್ದ, ಅದರ ಮುಂದೆ ಕೌದಿಯ ಆಟ ನಡೆಯದು.

ಆದರೆ ಬಾಯಿಂದ ನೇರವಾಗಿ ಬರುವ ಸಿಳ್ಳನ್ನು ಕೌದಿ ತಡೆಯುವುದಿಲ್ಲ. ಅದಕ್ಕೆ ಮೈಕನ್ನು ಒಂದು ಗೇಣು ದೂರವಿಟ್ಟು, ತುಟಿಯ ಎದುರಿನಿಂದ ಓರೆಯಾಗಿ ಸರಿಸಬೇಕು. ಸೀತ್ಕಾರದ ಬಲ ಮುಂದಕ್ಕೇ ಹೆಚ್ಚು, ಪಕ್ಕಕ್ಕೆ ಕಡಿಮೆ. ಮೈಕಿನ ಮುಂದಿನ ಬಟ್ಟೆಯ ಜಾಲರಿ ಪಕಾರ, ಬಕಾರಗಳ ಗಾಳಿಹೊಡೆತಕ್ಕೆ ಮದ್ದು. ಸಕಾರ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದು.

ಇಷ್ಟಾದರೂ ಉಳಿದ ಸಿಳ್ಳಿಗೆ ಸಾಫ್ಟ್‌ವೇರಿನಲ್ಲಿ ಡಿ-ಎಸ್ಸರ್ ಇದೆ. ಅದು 5,000ದಿಂದ 9,000 ಹರ್ಟ್ಸ್‌ನಂಥ ಒಂದು ಪಟ್ಟಿಗೆ ಕಿವಿಗೊಟ್ಟು, ಸದ್ದು ಗೆರೆ ದಾಟಿದ ಆ ಕ್ಷಣಕ್ಕಷ್ಟೇ ಅದನ್ನು ಒತ್ತುತ್ತದೆ. ಸಕಾರ ಮುಗಿದೊಡನೆ ಬಿಟ್ಟುಬಿಡುತ್ತದೆ. ಮೂರರಿಂದ ಆರು ಡೆಸಿಬಲ್ ತಗ್ಗಿಸಿದರೆ ಸಾಮಾನ್ಯವಾಗಿ ಸಾಕು. ಹಳೆಯ ಟೆಲಿಫೋನು 3,400 ಹರ್ಟ್ಸ್‌ಗೇ ಸದ್ದನ್ನು ನಿಲ್ಲಿಸುತ್ತಿದ್ದುದರಿಂದ ಸ ಯಾವುದು, ಫ ಯಾವುದು ಎಂಬ ಗೊಂದಲವಾಗುತ್ತಿತ್ತು. ಡಿ-ಎಸ್ಸರ್ ಅತಿಯಾದರೂ ಅಂಥದೇ ಫಜೀತಿ: ಸೇಡಂ ಬಸ್ಸು ಹತ್ತಿದವರು ಥೇಡಂನಲ್ಲಿ ಇಳಿಯುತ್ತಾರೆ.