ಕರೆದರೆ ಬರುವ ಹಕ್ಕಿ

ಕೀನ್ಯಾದಲ್ಲಿ ಇದ್ದೇವೆ ಎಂದ ಕೂಡಲೇ ಊರಿನವರು ಕೇಳುವ ಮೊದಲ ಪ್ರಶ್ನೆ ಸಿಂಹದ್ದು. "ಮನೆ ಹತ್ತಿರ ಬರುತ್ತಾ?" ಎಂದು ಕೇಳದ ನೆಂಟರೇ ಇಲ್ಲ. ಸಂಚಿಕೆಗೆ ಲೇಖನ ಬೇಕು ಎಂದು ನಮ್ಮ ಸಂಘದ ಸಂಪಾದಕರು ಫೋನ್ ಮಾಡಿದಾಗ, ಈ ಸಲ ಸಿಂಹವೂ ಬೇಡ, ಮಸಾಯಿ ಮಾರಾದ ಪ್ರವಾಸ ಕಥನವೂ ಬೇಡ, ಒಂದು ಶಿಳ್ಳೆಯ ಬಗ್ಗೆ ಬರೆಯುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಗಲಿ ಸಾರ್, ಎರಡು ಪುಟ ಮೀರಬೇಡಿ" ಎಂದರು.

ಶಿಳ್ಳೆಯ ಹುಚ್ಚು ಹತ್ತಿಸಿದವನು ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ. ಅಲ್ಲಿ ಆಫೀಸಿನ ಗೆಳೆಯರ ಜೊತೆ ಸೇರಿ ಟರ್ಕಿ ಕೋಳಿಯ ಬೇಟೆ ಕಲಿತಿದ್ದಾನೆ. ನೈರೋಬಿಗೆ ಬಂದಾಗ ಬಂದೂಕನ್ನಂತೂ ತರಲಿಲ್ಲ, ಕೋಳಿಯನ್ನು ಕರೆಯುವ ಸಾಮಾನುಗಳನ್ನು ಮಾತ್ರ ತಂದು ಊಟದ ಮೇಜಿನ ಮೇಲೆ ಹರಡಿದ. ಮುಚ್ಚಳ ಉಜ್ಜಿದರೆ ಕೂಗುವ ಮರದ ಪೆಟ್ಟಿಗೆ, ಕಡ್ಡಿಯಿಂದ ಗೀರುವ ಬಳಪದ ಕಲ್ಲಿನ ಬಿಲ್ಲೆ, ಅಂಗುಳಕ್ಕೆ ಒತ್ತಿಕೊಂಡು ಊದುವ ರಬ್ಬರಿನ ಪೊರೆ. ಪೆಟ್ಟಿಗೆಯನ್ನು ಅವನು ಉಜ್ಜಿದಾಗ ಒಳಗಿನಿಂದ ನನ್ನವಳು "ಆ ಬಾಗಿಲಿಗೆ ಎಣ್ಣೆ ಹಾಕಿ ಅಂತ ಎಷ್ಟು ಸಲ ಹೇಳಿದ್ದೀನಿ" ಎಂದು ಕೂಗಿದಳು.

ಆದರೆ ಅವನು ವಿವರಿಸಿದ್ದು ಗಮನಿಸುವಂಥದ್ದು. ವಸಂತದಲ್ಲಿ ಹುಂಜ ಕೂಗಿದರೆ ಹೇಂಟೆ ಅದರ ಬಳಿ ಹೋಗುವುದು ಪ್ರಕೃತಿಯ ನಿಯಮ. ಬೇಟೆಗಾರ ಅದನ್ನು ತಲೆಕೆಳಗು ಮಾಡಿ, ಹೇಂಟೆಯ ದನಿ ಹೊರಡಿಸಿ ಹುಂಜವನ್ನೇ ತನ್ನತ್ತ ನಡೆಸಿಕೊಳ್ಳಬೇಕು. ಮರದ ಪೆಟ್ಟಿಗೆಯ ದನಿ ದೂರ ಹೋಗುತ್ತದೆ, ಗಾಳಿಯ ದಿನಕ್ಕೆ ಅದು ಸರಿ. ಮಳೆಯಲ್ಲಿ ನೆನೆದರೆ ಕೈಕೊಡುತ್ತದೆ. ಕಲ್ಲಿನ ಬಿಲ್ಲೆಯ ದನಿ ಮೆದು, ಹುಂಜ ಹತ್ತಿರ ಬಂದ ಮೇಲೆ ಒಳ್ಳೆಯದು, ಆದರೆ ಎರಡು ಕೈಯೂ ಬೇಕು. ರಬ್ಬರ್ ಪೊರೆ ಬಾಯೊಳಗೇ ಇರುವುದರಿಂದ ಕೈ ಅಲುಗಿಸಬೇಕಿಲ್ಲ, ಕಲಿಯುವುದು ಮಾತ್ರ ಕಷ್ಟ. "ಇದೆಲ್ಲಕ್ಕಿಂತ ಮುಖ್ಯ ಏನು ಗೊತ್ತಾ ಮಾಮ? ಅದು ಉತ್ತರ ಕೊಟ್ಟ ಮೇಲೆ ನಾವು ಬಾಯಿ ಮುಚ್ಚಿಕೊಂಡಿರಬೇಕು. ಅತಿಯಾಗಿ ಕರೆದರೆ ಅನುಮಾನ ಬಂದುಬಿಡುತ್ತೆ" ಎಂದ.

ಈ ಮಾತನ್ನು ನಾನು ಮೊದಲೇ ಎಲ್ಲೋ ಕೇಳಿದ್ದೆ. ಬೇಲೂರು ತಾಲ್ಲೂಕಿನ ನಮ್ಮ ಹಳ್ಳಿಯ ಹೊರಗೆ, ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ, ಹಕ್ಕಿಪಿಕ್ಕಿ ಜನ ಬಿಡಾರ ಹೂಡುತ್ತಿದ್ದರು. ಅವರಲ್ಲೊಬ್ಬ ಮುದುಕನ ಬಳಿ ಪಂಜರದಲ್ಲಿ ಸಾಕಿದ ಗೌಜಲಹಕ್ಕಿ ಇತ್ತು. ಬೆಳಗಿನ ಜಾವ ಅದನ್ನು ಹೊಲದ ಬದುವಿನಲ್ಲಿಟ್ಟು ಸುತ್ತ ಉರುಲು ಒಡ್ಡಿ, ತಾನು ಪೊದೆಯ ಹಿಂದೆ ಕೂರುತ್ತಿದ್ದ. ಪಂಜರದ ಹಕ್ಕಿ ಕೂಗಿದರೆ, ನನ್ನ ಜಾಗಕ್ಕೆ ಬಂದವನಾರು ಎಂದು ಕಾಡು ಹಕ್ಕಿ ಜಗಳಕ್ಕೆ ಬರುತ್ತಿತ್ತು. ಪಂಜರದ್ದು ಸುಮ್ಮನಾದರೆ ಮುದುಕ ತಾನೇ ಬಾಯಲ್ಲಿ ಕೂಗುತ್ತಿದ್ದ, ಒಂದೇ ಒಂದು ಸಲ. "ಜಾಸ್ತಿ ಕೂಗಿದರೆ ಅದಕ್ಕೆ ನಾನು ಮನುಷ್ಯ ಅಂತ ಗೊತ್ತಾಗ್ತದೆ ಬುದ್ಧೀ" ಎಂದು ಹೇಳುತ್ತಿದ್ದ. ಹೀಗೆ ಬೇಟೆಗೆ ಪಳಗಿಸಿದ ಪ್ರಾಣಿಗೆ ಹಳೆಯ ಕನ್ನಡದಲ್ಲಿ ‘ದೀಹ’ ಎಂಬ ಮಾತಿದೆ. ಇಂದು ಅದನ್ನು ಬಲ್ಲವರು ನಿಘಂಟು ಬಿಡಿಸುವವರು ಮಾತ್ರ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ವಿದ್ಯೆಗೆ ಬೀಗ ಬಿತ್ತು. ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿನಲ್ಲೇ ಹಕ್ಕಿ ಇರುವ ಜನ ಹಕ್ಕಿ ಬಿಟ್ಟು ಏನು ಮಾಡಬೇಕು? ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಕಡೆ ನೆಲೆಸಿದ ಅನೇಕರು ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೊರಟರು. ಹೊರಟವರು ಆಫ್ರಿಕದವರೆಗೂ ಬಂದರು! 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳೂ ಇದ್ದರು ಎಂಬ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಸಲ ಭಾರತ ಸರ್ಕಾರ ನಡೆಸಿದ ತೆರವು ಕಾರ್ಯಾಚರಣೆಗೆ ‘ಕಾವೇರಿ’ ಎಂದೇ ಹೆಸರಿಟ್ಟಿತ್ತು. ಕಂಪನಿ ವೀಸಾದಲ್ಲಿ ವಿಮಾನ ಹತ್ತಿ ಬಂದ ನಾವು ಮಾತ್ರ ಆಫ್ರಿಕದ ಕನ್ನಡಿಗರು ಎಂದುಕೊಂಡಿದ್ದರೆ ಅದು ಅರ್ಧ ಸತ್ಯ.

ಇನ್ನು ನಮ್ಮ ಕೀನ್ಯಾಕ್ಕೆ ಬರೋಣ. ಇಲ್ಲಿ 1977ರಲ್ಲಿ ಶಿಕಾರಿಯ ಮೇಲೆ ನಿಷೇಧ ಬಂತು. ಆದರೂ ಪಶ್ಚಿಮದ ಕಡೆ, ವಿಕ್ಟೋರಿಯಾ ಸರೋವರದ ಸೀಮೆಯಲ್ಲಿ, ಲಾವಕ್ಕಿ ಹಿಡಿಯುವ ಹಳೆಯ ಪದ್ಧತಿಯೊಂದಿದೆ. ಲುವೊ ಜನ ಈ ಹಕ್ಕಿಯನ್ನು ‘ಅಲೂರು’ ಎನ್ನುತ್ತಾರೆ. ಕೂಗುವ ಹಕ್ಕಿಯನ್ನು ಬುಟ್ಟಿಯಂಥ ಪಂಜರದಲ್ಲಿಟ್ಟು ಎತ್ತರದ ಗಳುವಿಗೆ ತೂಗುಹಾಕುತ್ತಾರೆ, ಕೆಳಗೆ ಉರುಲು. ಬೇಲೂರಿನ ಮುದುಕನೂ ಇವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಅಂದಹಾಗೆ 2013ರ ಸುಮಾರಿಗೆ ಈ ದೇಶಕ್ಕೆ ಹಿಡಿದ ಲಾವಕ್ಕಿ ಮೊಟ್ಟೆಯ ಹುಚ್ಚು ಹಳಬರಿಗೆ ನೆನಪಿರಬಹುದು. ಸರ್ವರೋಗಕ್ಕೂ ಮದ್ದು ಎಂಬ ಪ್ರಚಾರ ನಂಬಿ ಕಂಡಕಂಡವರೆಲ್ಲ ಹಕ್ಕಿ ಸಾಕಿದರು, ಮರುವರ್ಷವೇ ಬೆಲೆ ನೆಲಕಚ್ಚಿತು.

ಕರೆಯುವುದರಲ್ಲಿ ಮಹಾಗುರು ಎನಿಸಿದವನ ಸಮಾಧಿ ಇರುವುದೂ ಇಲ್ಲೇ, ನ್ಯೇರಿಯಲ್ಲಿ. ಜಿಮ್ ಕಾರ್ಬೆಟ್ ಭಾರತ ಬಿಟ್ಟು 1947ರಲ್ಲಿ ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ಬಂದ, 1955ರಲ್ಲಿ ನ್ಯೇರಿಯಲ್ಲೇ ತೀರಿಕೊಂಡ. ಅವರು ವಾಸವಿದ್ದ ‘ಪ್ಯಾಕ್ಸ್‌ಟು’ ಎಂಬ ಪುಟ್ಟ ಮನೆ ಔಟ್‌ಸ್ಪ್ಯಾನ್ ಹೋಟೆಲಿನ ಆವರಣದಲ್ಲಿದೆ. ಸ್ಕೌಟ್ ಚಳುವಳಿಯ ಬೇಡನ್ ಪೊವೆಲ್‌ಗಾಗಿ ಕಟ್ಟಿದ ಮನೆ ಅದು. ಊರಿನಿಂದ ಬಂದವರನ್ನು ನಾನು ತಪ್ಪದೆ ಅಲ್ಲಿಗೆ ಕರೆದೊಯ್ಯುತ್ತೇನೆ. 1938ರ ನವೆಂಬರಿನಲ್ಲಿ ಠಾಕ್ ಹಳ್ಳಿಯ ನರಭಕ್ಷಕಿಯನ್ನು ಕಾರ್ಬೆಟ್ ಕೊಂದದ್ದು ಬಂದೂಕಿಗಿಂತ ಹೆಚ್ಚಾಗಿ ಗಂಟಲಿನಿಂದ. ಹೆಣ್ಣು ಹುಲಿ ಸಂಗಾತಿಗಾಗಿ ಕೂಗುತ್ತಿತ್ತು, ಈತ ಗಂಡು ಹುಲಿಯ ದನಿಯಲ್ಲಿ ಓಗೊಟ್ಟ. ಕತ್ತಲಾಗುವ ಹೊತ್ತಿಗೆ ಅದು ಕೂಗುತ್ತಲೇ ಅವನ ಮುಂದೆ ಬಂದು ನಿಂತಿತು. ಯಾವ ಪೆಟ್ಟಿಗೆಯೂ ಇಲ್ಲ, ಬಿಲ್ಲೆಯೂ ಇಲ್ಲ.

ಇದುವರೆಗೆ ಹೇಳಿದ ಕರೆಗಳೆಲ್ಲ ಒಂದು ರೀತಿಯ ಮೋಸವೇ. ಕೋಳಿಯೋ ಹುಲಿಯೋ, ನಂಬಿ ಬಂದದ್ದು ಸತ್ತಿತು. ನಾನು ಬರೆಯಹೊರಟ ಶಿಳ್ಳೆ ಹಾಗಲ್ಲ. ಅದನ್ನು ಊದುವವನಿಗೂ ಕೇಳಿ ಬರುವ ಹಕ್ಕಿಗೂ ಇಬ್ಬರಿಗೂ ಲಾಭ.

ಇಂಗ್ಲಿಷಿನಲ್ಲಿ ಹನಿಗೈಡ್ ಎನ್ನುವ ಈ ಹಕ್ಕಿಯನ್ನು ಜೇನುತೋರುಕ ಎಂದು ಕರೆಯೋಣ. ನಮ್ಮ ಮೈನಾದಷ್ಟೂ ದಪ್ಪವಿಲ್ಲ, ಸುಮಾರು 50 ಗ್ರಾಂ ತೂಕ, ಬೂದುಕಂದು ಬಣ್ಣ, ಹಾರುವಾಗ ಬಾಲದ ಅಂಚಿನ ಬಿಳಿ ಗರಿ ಕಾಣುತ್ತದೆ. ಗಂಡಿಗೆ ಕಪ್ಪು ಗಂಟಲು, ಗುಲಾಬಿ ಕೊಕ್ಕು. ಜೇನುಮೇಣವನ್ನು ತಿಂದು ಅರಗಿಸಿಕೊಳ್ಳುವ ಕೆಲವೇ ಪ್ರಾಣಿಗಳಲ್ಲಿ ಇದೂ ಒಂದು. 1588ರಲ್ಲಿ ಮೊಜಾಂಬಿಕ್ ತೀರದ ಸೊಫಾಲದಲ್ಲಿದ್ದ ಪೋರ್ಚುಗೀಸ್ ಪಾದ್ರಿ ಜೊಆವ್ ದೊಸ್ ಸಾಂತೊಸ್, ಹಕ್ಕಿಯೊಂದು ಚರ್ಚಿನೊಳಗೆ ಬಂದು ಮೇಣದಬತ್ತಿ ತಿನ್ನುವುದನ್ನು ಕಂಡು ದಾಖಲಿಸಿದ. ಇದು ಜೇನುಗೂಡು ಎಲ್ಲಿದೆ ಎಂದು ಬಲ್ಲದು, ಆದರೆ ಮರದ ಪೊಟರೆ ಒಡೆಯಲಾರದು. ಮನುಷ್ಯನಿಗೆ ಕೊಡಲಿಯಿದೆ, ಬೆಂಕಿಯಿದೆ, ಗೂಡು ಎಲ್ಲಿದೆಯೆಂದು ತಿಳಿಯದು. ಹಾಗಾಗಿ ಹಕ್ಕಿ ಚಿಟಚಿಟ ಎಂದು, ಬೆಂಕಿಪೊಟ್ಟಣ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತ, ಮರದಿಂದ ಮರಕ್ಕೆ ಹಾರಿ ಮನುಷ್ಯನನ್ನು ಗೂಡಿನ ಬಳಿಗೆ ಕರೆದೊಯ್ಯುತ್ತದೆ. ಅವನು ಜೇನು ತೆಗೆದುಕೊಂಡರೆ ಇದಕ್ಕೆ ಮೇಣ ಮತ್ತು ಮರಿಹುಳ.

ಉತ್ತರ ಕೀನ್ಯಾದ ಬೊರಾನ ಜನ ಈ ಹಕ್ಕಿಯನ್ನು ಕರೆಯಲು ಊದುವ ಶಿಳ್ಳೆಯೇ ‘ಫೂಲಿಡೊ’. ಕೆಲವು ವರ್ಷಗಳ ಹಿಂದೆ ಇಸಿಯೋಲೊ ಕಡೆ ಕೆಲಸದ ಮೇಲೆ ಹೋಗಿದ್ದಾಗ ವಯಸ್ಸಾದ ಒಬ್ಬರು ಅದನ್ನು ಊದಿ ತೋರಿಸಿದರು. ಫೂಲಿಡೊದಲ್ಲಿ ಮೂರು ಬಗೆ: ಬಸವನಹುಳುವಿನ ಚಿಪ್ಪಿನದು, ಡೂಮ್ ತಾಳೆಯ ಕಾಯಿಯನ್ನು ಟೊಳ್ಳು ಮಾಡಿದ್ದು, ಎರಡು ಮುಷ್ಟಿಗಳನ್ನು ಕೂಡಿಸಿ ಹೆಬ್ಬೆರಳ ಸಂದಿಯಲ್ಲಿ ಊದುವುದು. "ಯಾವುದು ಒಳ್ಳೆಯದು ಮ್ಜೀ?" ಎಂದು ಡ್ರೈವರನ ಮೂಲಕ ಕೇಳಿದೆ. ಅಜ್ಜ ನಕ್ಕು ತಮ್ಮ ಎರಡು ಕೈಗಳನ್ನೂ ಎತ್ತಿ ತೋರಿಸಿದರು. ಚಿಪ್ಪು ಒಡೆಯುತ್ತದೆ, ಕಾಯಿ ಕಳೆದುಹೋಗುತ್ತದೆ, ಕೈ ಎಲ್ಲಿಗೆ ಹೋದೀತು? ಅವರು ಊದಿದ ದನಿ ಕಿವಿಗೆ ಚುಚ್ಚುವಂತಿತ್ತು. ಅದು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಕೇಳುತ್ತದೆ. ನಾನು ಸಂಜೆಯವರೆಗೆ ಪ್ರಯತ್ನಿಸಿದರೂ ನನ್ನ ಮುಷ್ಟಿಯಿಂದ ಬಂದದ್ದು ಬರೀ ಗಾಳಿ.

ಇದು ಅಜ್ಜಿಕಥೆಯಲ್ಲ ಎಂದು ಲೆಕ್ಕವಿಟ್ಟು ತೋರಿಸಿದವರು ನಮ್ಮ ನೈರೋಬಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹುಸೇನ್ ಇಸಾಕ್. ಜರ್ಮನಿಯ ಹೈನ್ಸ್-ಉಲ್ರಿಕ್ ರೇಯರ್ ಜೊತೆಗೂಡಿ ಅವರು 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪರಿಚಯವಿಲ್ಲದ ಪ್ರದೇಶದಲ್ಲಿ ಹಕ್ಕಿಯ ನೆರವಿಲ್ಲದೆ ಒಂದು ಗೂಡು ಹುಡುಕಲು ಸರಾಸರಿ 8.9 ಗಂಟೆ ಬೇಕು, ಹಕ್ಕಿ ಜೊತೆಗಿದ್ದರೆ 3.2 ಗಂಟೆ. ಫೂಲಿಡೊ ಊದಿದರೆ ಹಕ್ಕಿ ಸಿಗುವ ಸಂಭವ ಎರಡರಷ್ಟು. ಹಾರಿದ ದಿಕ್ಕು, ಮರೆಯಾಗಿ ಮತ್ತೆ ಬರಲು ತೆಗೆದುಕೊಂಡ ಹೊತ್ತು, ಕೂರುವ ಕೊಂಬೆಯ ಎತ್ತರ ಇವನ್ನೆಲ್ಲ ನೋಡಿ ಗೂಡು ಎಷ್ಟು ದೂರವೆಂದು ಬೊರಾನರು ಹೇಳುತ್ತಿದ್ದರು, ಅಳತೆ ಮಾಡಿದಾಗ ಅದು ನಿಜವಾಗಿತ್ತು.

ಮುಂದಿನದು ಇನ್ನೂ ಸೊಗಸು. ಮೊಜಾಂಬಿಕ್‌ನ ನಿಯಾಸ್ಸಾದಲ್ಲಿ ಯಾವೊ ಜನ ಶಿಳ್ಳೆ ಹಾಕುವುದಿಲ್ಲ, ನಾಲಿಗೆ ಅದುರಿಸಿ ‘ಬ್ರ್ರ್ರ್’ ಎಂದು ಕೊನೆಗೆ ‘ಹ್ಮ್’ ಎನ್ನುತ್ತಾರೆ. ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು 2016ರಲ್ಲಿ ಕಂಡುಕೊಂಡಂತೆ, ಬೇರೆ ಸದ್ದು ಮಾಡಿದರೆ ಹಕ್ಕಿ ದಾರಿ ತೋರುವ ಸಂಭವ ಸುಮಾರು 33 ಪ್ರತಿಶತ, ಈ ಕರೆಗೆ 66. ತಾಂಜಾನಿಯಾದ ಹಾಡ್ಜಾ ಜನರದ್ದು ರಾಗದಂಥ ಶಿಳ್ಳೆ. ಅದೇ ಸ್ಪಾಟಿಸ್‌ವುಡ್ ಮಾನವಶಾಸ್ತ್ರಜ್ಞ ಬ್ರಯನ್ ವುಡ್ ಜೊತೆ ಸೇರಿ ಎರಡೂ ಕಡೆ ಎರಡೂ ಕರೆಗಳನ್ನು ಕೇಳಿಸಿ ನೋಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾಡ್ಜಾ ಸೀಮೆಯ ಹಕ್ಕಿ ಯಾವೊ ಕರೆಗಿಂತ ಹಾಡ್ಜಾ ಶಿಳ್ಳೆಗೆ ಮೂರು ಪಟ್ಟಿಗೂ ಮಿಗಿಲಾಗಿ ಓಗೊಟ್ಟಿತು; ನಿಯಾಸ್ಸಾದಲ್ಲಿ ಯಾವೊ ಕರೆಗೆ ಸುಮಾರು ಎರಡು ಪಟ್ಟು. ಅಂದರೆ ಒಂದೇ ಜಾತಿಯ ಹಕ್ಕಿಗೆ ಆಯಾ ಊರಿನ ಭಾಷೆ ಬರುತ್ತದೆ! ಇದು ಹೆತ್ತವರು ಕಲಿಸಿದ್ದಲ್ಲ. ನಮ್ಮ ಕೋಗಿಲೆಯ ಹಾಗೆ ಇದೂ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಮರಿ ತನ್ನ ತಾಯಿಯ ದನಿಯನ್ನೇ ಕೇಳದೆ ಬೆಳೆಯುತ್ತದೆ. (ಪಾಪ ಎನ್ನಬೇಡಿ, ಆ ಮರಿ ಕೊಕ್ಕಿನ ಕೊಂಡಿಯಿಂದ ಸಾಕಿದವರ ಮರಿಗಳನ್ನು ಚುಚ್ಚಿ ಕೊಲ್ಲುತ್ತದೆ.) ಹಾರಾಡುವ ವಯಸ್ಸಿಗೆ ಬಂದ ಮೇಲೆ ಸುತ್ತಲಿನ ಮನುಷ್ಯರನ್ನು ಗಮನಿಸಿ ಈ ಮಾತು ಕಲಿಯುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಸ್ವಾಹಿಲಿ ಎನ್ನುವ ನಮ್ಮ ಮಕ್ಕಳು ಇದನ್ನು ಓದಿದರೆ ಅಷ್ಟೇನೂ ಆಶ್ಚರ್ಯಪಡಲಾರರು.

ಪಾಲು ಕೊಡುವುದರಲ್ಲೂ ಊರಿಗೊಂದು ನೀತಿ. ಯಾವೊ ಜನ ಹಸಿರೆಲೆ ಹಾಸಿ ಮೇಣ ಬಡಿಸುತ್ತಾರೆ, ನಮ್ಮಲ್ಲಿ ಕಾಗೆಗೆ ಪಿಂಡ ಇಟ್ಟ ಹಾಗೆ. ಹಾಡ್ಜಾಗಳು ಎಷ್ಟೋ ಸಲ ಮೇಣವನ್ನು ಹೂತೋ ಸುಟ್ಟೋ ಬಿಡುತ್ತಾರೆ. ಹೊಟ್ಟೆ ತುಂಬಿದರೆ ಹಕ್ಕಿ ಮತ್ತೆ ದಾರಿ ತೋರುವುದಿಲ್ಲ ಎಂಬುದು ಅವರ ವಾದ. ಪಾಲು ಕೊಡದಿದ್ದರೆ ಮುಂದಿನ ಸಲ ಹಕ್ಕಿ ಸಿಂಹದ ಮುಂದೆ ನಿಲ್ಲಿಸುತ್ತದೆ ಎಂಬ ನಂಬಿಕೆ ಮಾತ್ರ ಆಫ್ರಿಕದ ಹಲವು ಕಡೆ ಇದೆ. ಅಂತೂ ಸಿಂಹವಿಲ್ಲದೆ ಕೀನ್ಯಾ ಲೇಖನ ಮುಗಿಯುವುದಿಲ್ಲ ನೋಡಿ.

ಈ ಹಕ್ಕಿ ನೈರೋಬಿ ರಾಷ್ಟ್ರೀಯ ಉದ್ಯಾನದಲ್ಲೂ ಇದೆ. ಗಂಡು ಒಂದೇ ಮರದಲ್ಲಿ ಕುಳಿತು ‘ವಿಕ್-ಟರ್, ವಿಕ್-ಟರ್’ ಎಂದು ಗಂಟೆಗಟ್ಟಲೆ ಹಾಡುತ್ತದೆ. ಆದರೆ ಅಲ್ಲಿ ಕೊಡಲಿ ಹಿಡಿದು ಅದರ ಹಿಂದೆ ಹೋಗುವವರಿಲ್ಲ. ಮನುಷ್ಯರು ಜೇನು ಹುಡುಕುವುದನ್ನು ಬಿಟ್ಟ ಕಡೆ ಹಕ್ಕಿಯೂ ದಾರಿ ತೋರುವುದನ್ನು ಬಿಡುತ್ತದೆ ಎಂದು ಸಂಶೋಧಕರು ಬರೆದಿದ್ದಾರೆ. ಇಸಿಯೋಲೊದ ಅಜ್ಜನಿಗೆ ಮೊಮ್ಮಕ್ಕಳು ಊದುತ್ತಾರೆಯೇ ಎಂದು ಕೇಳಿದ್ದೆ. ಅವರು ಅಂಗಡಿಯ ಕಡೆ ಕೈತೋರಿಸಿ ‘ಸುಕಾರಿ’ ಎಂದರು. ಸಕ್ಕರೆ ಕಿಲೋ ಲೆಕ್ಕದಲ್ಲಿ ಸಿಗುವಾಗ ಮುಳ್ಳುಕಾಡಿನಲ್ಲಿ ಮೂರು ಗಂಟೆ ನಡೆಯುವವರು ಯಾರು?

ಕೊನೆಗೆ ಒಂದು ವಿನಂತಿ, ರಜೆಯಲ್ಲಿ ಮಕ್ಕಳನ್ನು ಕರೂರಾ ಕಾಡಿಗೆ ಕರೆದೊಯ್ಯುವ ತಂದೆತಾಯಿಗಳಿಗೆ. ಈಗ ಎಲ್ಲರ ಫೋನಿನಲ್ಲೂ ಹಕ್ಕಿಗಳ ಕೂಗು ಇದೆ, ಒತ್ತಿದರೆ ಹಕ್ಕಿ ಬರುತ್ತದೆ, ಫೋಟೋ ಸಿಗುತ್ತದೆ. ಬರುವುದು ಸ್ನೇಹದಿಂದಲ್ಲ, ಬೇಲೂರಿನ ಗೌಜಲಹಕ್ಕಿಯಂತೆ ಜಗಳಕ್ಕೆ. ಮರಿ ಸಾಕುವ ಕಾಲದಲ್ಲಿ ಗೂಡು ಬಿಟ್ಟು ಬಂದರೆ ಮೊಟ್ಟೆ ತಣ್ಣಗಾಗುತ್ತದೆ, ಗಿಡುಗನ ಕಣ್ಣಿಗೂ ಬೀಳುತ್ತದೆ. ಒಂದು ಸಲ ಕೇಳಿಸಿ ಸಾಕು, ಗೂಡಿನ ಹತ್ತಿರ ಅದೂ ಬೇಡ. ಮಕ್ಕಳಿಗೆ ಬೇಕಾದರೆ ಮುಷ್ಟಿ ಕಟ್ಟಿ ಊದುವುದನ್ನು ಹೇಳಿಕೊಡಿ. ನನ್ನ ಮೊಮ್ಮಗಳಿಗೆ ಎರಡೇ ದಿನದಲ್ಲಿ ಬಂತು, ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಎರಡು ಸಲ ಓಡಿಬಂದಿದ್ದಾನೆ.