ದೇಶವೇ ನೋಡಿದ್ದಕ್ಕೆ ಸಾಕ್ಷಿ ಯಾರು?

2009ರ ಜನವರಿ 24, ಶನಿವಾರ. ಮಂಗಳೂರಿನ 'ಅಮ್ನೇಷಿಯಾ' ಪಬ್‌ಗೆ ನುಗ್ಗಿದ ಹಿಂದುತ್ವ ಸಂಘಟನೆ ಶ್ರೀರಾಮ ಸೇನೆಯ ಗುಂಪು ಅಲ್ಲಿದ್ದ ಹುಡುಗಿಯರನ್ನು ಹೊಡೆದು, ಕೂದಲು ಹಿಡಿದೆಳೆದು ಅಟ್ಟಾಡಿಸಿತು. ಟಿವಿ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ಬಿದ್ದು ಎದ್ದು ಓಡುತ್ತಿದ್ದ ಆ ಹುಡುಗಿಯರನ್ನು ಚಾನೆಲ್‌ಗಳು ಮತ್ತೆ ಮತ್ತೆ ತೋರಿಸಿದವು. ಹೊಡೆದವರಿಗಿಂತ ಹೊಡೆಸಿಕೊಂಡವರಿಗೇ ಪ್ರಶ್ನೆಗಳು ಹೆಚ್ಚು ಬಿದ್ದವು. ಅಲ್ಲಿಗೆ ಯಾಕೆ ಹೋದರು? ಮನೆಯವರಿಗೆ ಗೊತ್ತಿತ್ತೇ? ಪರಿಶೀಲನೆಗೆ ಬಂದ ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆಯೂ ಪಬ್‌ನ ಭದ್ರತಾ ಲೋಪವನ್ನೇ ಎತ್ತಿ ತೋರಿಸಿದರು.

ಫೆಬ್ರುವರಿ 14ರಂದು ಜೋಡಿಯಾಗಿ ಸಿಕ್ಕವರಿಗೆ ಮದುವೆ ಮಾಡಿಸುತ್ತೇವೆ ಎಂದು ಸೇನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಬೆದರಿಸಿದ ಮೇಲೆ, ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್‌ನಲ್ಲಿ ಒಂದು ಗುಂಪು ತೆರೆದರು. ಪಬ್‌ಗೆ ಹೋಗುವ, ನಡತೆಗೆಟ್ಟ, ಮುಂದುವರಿದ ಹೆಂಗಸರ ಒಕ್ಕೂಟ ಎಂದು ಅದಕ್ಕೆ ಹೆಸರಿಟ್ಟರು. ಬೈಗುಳವನ್ನೇ ತಮ್ಮ ಹೆಸರಾಗಿಸಿಕೊಂಡವರನ್ನು ಇನ್ನೇನೆಂದು ಬೈಯುವುದು? ಕೆಲವೇ ದಿನಗಳಲ್ಲಿ ಸದಸ್ಯರು ಹತ್ತಾರು ಸಾವಿರವಾದರು. ಶ್ರೀರಾಮ ಸೇನೆಯ ಹುಬ್ಬಳ್ಳಿ ಕಚೇರಿಗೆ ಗುಲಾಬಿ ಚಡ್ಡಿ ಕಳಿಸಿ ಎಂಬ ಕರೆ ಹೋಯಿತು. ಊರೂರುಗಳಿಂದ ಪಾರ್ಸೆಲ್‌ಗಳು ಹೊರಟವು. ಬದಲಿಗೆ ಗುಲಾಬಿ ಸೀರೆ ಕಳಿಸುತ್ತೇನೆ ಎಂದ ಮುತಾಲಿಕ್, ಪ್ರೇಮಿಗಳ ದಿನದ ಹೊತ್ತಿಗೆ ಮುನ್ನೆಚ್ಚರಿಕೆಯ ಬಂಧನದಲ್ಲಿದ್ದರು.

ಪಬ್‌ಗೆ ಹೋಗುವ ಹಕ್ಕು ಉಳ್ಳವರ ಚಿಂತೆಯಲ್ಲವೇ ಎಂದು ಆಗ ಮಹಿಳಾ ಚಳವಳಿಯೊಳಗಿನಿಂದಲೇ ಕೇಳಿದವರಿದ್ದರು. ಕೇಳಬೇಕಾದ ಮಾತೇ. ಆದರೆ ಸಂಜೆ ಹೆಣ್ಣು ಎಲ್ಲಿರಬೇಕೆಂದು ಬೀದಿಯ ಗುಂಪು ತೀರ್ಮಾನಿಸತೊಡಗಿದರೆ, ಅದರ ಕೈ ಪಬ್ಬಿನ ಬಾಗಿಲಲ್ಲೇ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಬೇರೆ ಧರ್ಮದ ಸಹಪಾಠಿಯ ಪಕ್ಕ ಕೂತ ವಿದ್ಯಾರ್ಥಿನಿಗೂ ಅದು ತಾಗುತ್ತದೆ; ಕರಾವಳಿಯ ಜನರಿಗೆ ಇದನ್ನು ವಿವರಿಸಬೇಕಿಲ್ಲ. ನಾಚಬೇಕಾದವರು ಹೊಡೆದವರು ಎಂದು ಅಷ್ಟು ಜನ ಒಟ್ಟಿಗೆ, ನಗುನಗುತ್ತ ಹೇಳಿದ್ದನ್ನು ನಾನು ಸಣ್ಣ ಗೆಲುವೆಂದು ಎಣಿಸಲಾರೆ.

ಆ ಫೇಸ್‌ಬುಕ್ ಗುಂಪು ಹೆಚ್ಚು ಕಾಲ ಉಳಿಯಲಿಲ್ಲ. ಹ್ಯಾಕರ್‌ಗಳು ಅದಕ್ಕೆ ನುಗ್ಗಿದರು, ಕೊನೆಗೆ ಅದು ಕೈತಪ್ಪಿತು. ಪಬ್ ದಾಳಿಯ ಮೊಕದ್ದಮೆ ಮಾತ್ರ ಮಂಗಳೂರಿನಲ್ಲಿ ಒಂಬತ್ತು ವರ್ಷ ನಡೆಯಿತು. 2018ರ ಮಾರ್ಚ್‌ನಲ್ಲಿ ಮುತಾಲಿಕ್ ಮತ್ತಿತರ ಆರೋಪಿಗಳು ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆಯಾದರು. ಇಡೀ ದೇಶ ಕಣ್ಣಾರೆ ಕಂಡ ಹಲ್ಲೆಗೆ ಸಾಕ್ಷ್ಯ ಸಾಲಲಿಲ್ಲ! ಲಕ್ಷಾಂತರ ಜನ ನೋಡಿದರೂ, ಇವರೇ ಹೊಡೆದವರು ಎಂದು ಕಟಕಟೆಯಲ್ಲಿ ಹೇಳುವವರು ಬೇಕು. ಹಾಗೆ ಹೇಳಲು ಬರುವ ಹುಡುಗಿಗೆ ವಕೀಲರು, ಪ್ರಯಾಣದ ಖರ್ಚು, ಮನೆಯವರ ಬೆಂಬಲ, ಊರಿನ ಬಾಯಿಂದ ರಕ್ಷಣೆ ಎಲ್ಲವೂ ಬೇಕು. ಅದೂ ವರ್ಷಗಟ್ಟಲೆ. ಜಾಲತಾಣದ ಸ್ತ್ರೀವಾದ ಎಡವುವುದು ಇಲ್ಲೇ ಎಂಬುದು ನನ್ನ ನಂಬಿಕೆ. ಕೂಗಿಗೆ ಅದು ಸಾವಿರಾರು ಜನರನ್ನು ಕೂಡಿಸಬಲ್ಲದು, ವಾಯಿದೆಯ ದಿನ ಯಾರೂ ಜೊತೆಗಿರುವುದಿಲ್ಲ.

ಜೊತೆಗಿದ್ದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2018ರ ಅಕ್ಟೋಬರ್‌ನಲ್ಲಿ, ಮೀಟೂ ಅಲೆಯ ನಡುವೆ, ಪತ್ರಕರ್ತೆ ಪ್ರಿಯಾ ರಮಣಿ ಟ್ವಿಟರ್‌ನಲ್ಲಿ ಲೈಂಗಿಕ ಕಿರುಕುಳದ ಆರೋಪ ಹೊರಿಸಿ, ಹಿಂದೆ ಪತ್ರಿಕಾ ಸಂಪಾದಕರಾಗಿದ್ದ ಎಂ.ಜೆ. ಅಕ್ಬರ್ ಹೆಸರು ಹೇಳಿದರು. ಹಲವು ಪತ್ರಕರ್ತೆಯರು ದನಿಗೂಡಿಸಿದರು. ಅಕ್ಬರ್ ಕೇಂದ್ರ ಸಚಿವ ಸ್ಥಾನ ಬಿಟ್ಟರು, ಆದರೆ ರಮಣಿ ಮೇಲೆ ಮಾನನಷ್ಟ ಮೊಕದ್ದಮೆಯನ್ನೂ ಹೂಡಿದರು. ಬೆಂಗಳೂರಿನಲ್ಲಿ ನೆಲೆಸಿದ್ದ ರಮಣಿ ದೆಹಲಿಯ ಕೋರ್ಟಿಗೆ ಅಲೆದರು. ರಮಣಿ ಪರ ವಕೀಲೆ ರೆಬೆಕಾ ಜಾನ್ ವಾದಿಸಿದರು. ಪತ್ರಕರ್ತೆ ಗಜಾಲಾ ವಹಾಬ್ ಮತ್ತು ಗೆಳತಿ ನೀಲೋಫರ್ ವೆಂಕಟರಾಮನ್ ರಮಣಿ ಪರ ಸಾಕ್ಷಿ ನುಡಿದರು. 2021ರ ಫೆಬ್ರುವರಿ 17ರಂದು ರಮಣಿ ಖುಲಾಸೆಯಾದರು. ಹೆಣ್ಣು ತನ್ನ ದೂರನ್ನು ತಾನು ಆರಿಸಿಕೊಂಡ ಯಾವುದೇ ವೇದಿಕೆಯಲ್ಲಿ, ದಶಕಗಳ ಬಳಿಕವೂ ಹೇಳಬಹುದು ಎಂದು ನ್ಯಾಯಾಲಯ ಹೇಳಿತು. ಅಕ್ಬರ್ ಮೇಲ್ಮನವಿ ಸಲ್ಲಿಸಿದರು. ದೆಹಲಿ ಹೈಕೋರ್ಟ್ ಅದನ್ನು 2022ರಲ್ಲಿ ವಿಚಾರಣೆಗೆ ಅಂಗೀಕರಿಸಿತು.